ಸಂಬಳಕ್ಕೆ ಬಂದವರು, ಊರಲ್ಲೇ ಉಳಿದವರು

ಉರ್ದು ಶಾಲೆಯಲ್ಲಿ ಓದಿದವರಿಗೆ ಜೌಕ್ ಕವಿಯ ಒಂದು ದ್ವಿಪದಿ ಬಾಯಿಪಾಠವಾಗಿರುತ್ತದೆ. ದಖನ್ನಿನಲ್ಲಿ ಕಾವ್ಯಕ್ಕೆ ಎಷ್ಟೇ ಬೆಲೆಯಿದ್ದರೂ ತನಗೆ ದಿಲ್ಲಿ ಬಿಡುವ ಮನಸ್ಸಿಲ್ಲ ಎಂಬುದು ಅದರ ತಾತ್ಪರ್ಯ. ಹೈದರಾಬಾದಿನ ಮಂತ್ರಿ ಚಂದೂಲಾಲ್ ಕರೆ ಕಳಿಸಿದಾಗ ಕವಿ ಕೊಟ್ಟ ಉತ್ತರ ಇದೆಂದು ಹೇಳುವುದುಂಟು. ಬಹಾದೂರ್ ಶಾ ಜಫರ್ ಇನ್ನೂ ಯುವರಾಜನಾಗಿದ್ದಾಗ ಅವನ ಕವಿತೆ ತಿದ್ದುವ ಕೆಲಸಕ್ಕೆ ಜೌಕ್‌ಗೆ ಸಿಗುತ್ತಿದ್ದುದು ತಿಂಗಳಿಗೆ ನಾಲ್ಕು ರೂಪಾಯಿ ಎಂದು ಶಿಷ್ಯ ಮುಹಮ್ಮದ್ ಹುಸೇನ್ ಆಜಾದ್ 1880ರಲ್ಲಿ ಬಂದ 'ಆಬೆ ಹಯಾತ್'ನಲ್ಲಿ ಬರೆದಿದ್ದಾನೆ. ಇಷ್ಟು ಕಡಿಮೆ ಸಂಬಳದವನು ದೊಡ್ಡ ಸಂಬಳವನ್ನು ಒಲ್ಲೆನೆಂದ ಕತೆ ಯಾರಿಗೆ ತಾನೆ ಇಷ್ಟವಾಗುವುದಿಲ್ಲ?

ಕನ್ನಡದಲ್ಲೂ ನಮ್ಮ ಮನಸ್ಸು ಹೀಗೇ ಕೆಲಸ ಮಾಡುತ್ತದೆ. ಊರಲ್ಲಿ ಉಳಿದ ಲೇಖಕ ಸಾಚಾ, ಸಂಬಳಕ್ಕಾಗಿ ಊರು ಬಿಟ್ಟವನು ಅರ್ಧ ಮಾರಾಟವಾದವನು ಎಂಬ ತೀರ್ಪನ್ನು ನಮ್ಮ ವಿಮರ್ಶೆ ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ನಂಬಿಕೊಂಡಿದೆ. ನಮ್ಮ ಸಣ್ಣಕತೆಗಳಲ್ಲಿ ದುಬೈಗೆ ಹೋದ ಅಣ್ಣ, ಬೆಂಗಳೂರಿಗೆ ಹೋದ ತಮ್ಮ ಮರಳಿ ಬರುವಾಗ ಕೈತುಂಬ ಸೂಟ್‌ಕೇಸು, ಎದೆತುಂಬ ಖಾಲಿತನ ಹೊತ್ತುಕೊಂಡೇ ಬರುತ್ತಾರೆ. ಈ ತೀರ್ಪು ಎಷ್ಟು ನಿಜ? ಇದನ್ನು ಒರೆಗೆ ಹಚ್ಚಿ ನೋಡಲು ತೊರವಿಗಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ವಿಜಯಪುರದ ಪಶ್ಚಿಮಕ್ಕೆ, ಅಥಣಿ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋದರೆ ತೊರವಿ. ಕನ್ನಡ ಓದಿದವರಿಗೆ ಇದು 'ತೊರವೆ ರಾಮಾಯಣ'ದ ಊರು. ಕುಮಾರ ವಾಲ್ಮೀಕಿ ಎಂದು ಹೆಸರಾದ ನರಹರಿ ಕವಿ ಭಾಮಿನಿ ಷಟ್ಪದಿಯಲ್ಲಿ ಇಡೀ ರಾಮಾಯಣವನ್ನು ಹೇಳಿದ್ದು ಇಲ್ಲಿನ ನರಸಿಂಹನ ಅಂಕಿತದಲ್ಲಿ. ಉರ್ದು, ಫಾರಸಿ ಓದಿದವರಿಗೆ ಇದು ನೌರಸ್‌ಪುರ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಿಸಲು ತೊಡಗಿದ ಹೊಸ ನಗರ. ಒಂದೇ ನೆಲದ ಮೇಲೆ ಎರಡು ಸಾಹಿತ್ಯಗಳ ನೆನಪು ಅಕ್ಕಪಕ್ಕ ಮಲಗಿವೆ. ದುರ್ದೈವವೆಂದರೆ ಒಂದನ್ನು ಓದಿದವರು ಇನ್ನೊಂದನ್ನು ಓದುವುದು ಕಡಿಮೆ.

ಮೊದಲು ಸಂಬಳಕ್ಕೆ ಬಂದವರನ್ನು ನೋಡೋಣ. ಇರಾನಿನ ತುರ್ಶೀಜ್ ಕಡೆಯ ಜುಹೂರಿ 1580ರ ಸುಮಾರಿಗೆ ದಖನ್ನಿಗೆ ಬಂದು ಅಹಮದನಗರದಲ್ಲಿ ನೆಲೆಸಿದ. ನಿಜಾಮಶಾಹಿಯ ರಾಜಧಾನಿಯಾದ ಅಹಮದನಗರ ಆಗ ಸಣ್ಣ ಊರಲ್ಲ. ಅಲ್ಲಿಯೇ ಅವನಿಗೆ ಮಲಿಕ್ ಕುಮ್ಮಿಯ ಸ್ನೇಹವಾಯಿತು, ಆ ಹಿರಿಯ ಕವಿಯ ಮಗಳನ್ನು ಮದುವೆಯಾದ. ಬುರ್ಹಾನ್ ನಿಜಾಮಶಾಹನಿಗೆ ತನ್ನ ದೊಡ್ಡ 'ಸಾಕಿನಾಮಾ'ವನ್ನು ಅರ್ಪಿಸಿದ. ಅಕ್ಬರನ ರಾಯಭಾರಿಯಾಗಿ 1591ರಲ್ಲಿ ದಖನ್ನಿಗೆ ಹೊರಟು ಬಂದ ಕವಿ ಫೈಜಿ ಈ ಇಬ್ಬರನ್ನೂ ಮೆಚ್ಚಿ ಬಾದಶಹನಿಗೆ ಬರೆದ. ಅಂದರೆ ಇನ್ನೂ ದೊಡ್ಡ ಆಸ್ಥಾನದಲ್ಲಿ ಅವರ ಹೆಸರು ಆಗಲೇ ತಲುಪಿತ್ತು. ಆದರೂ ಮಾವ ಅಳಿಯ ಇಬ್ಬರೂ ಬಂದದ್ದು ಇಬ್ರಾಹಿಮನ ವಿಜಯಪುರಕ್ಕೆ. 1595ರಲ್ಲಿ ಬುರ್ಹಾನ್ ತೀರಿಕೊಂಡ, ಅದೇ ವರ್ಷ ಮೊಗಲರ ಸೈನ್ಯ ಅಹಮದನಗರದ ಕೋಟೆಗೆ ಮುತ್ತಿಗೆ ಹಾಕಿತು, 1600ರಲ್ಲಿ ಕೋಟೆ ಬಿತ್ತು. ಇತಿಹಾಸಕಾರ ಫಿರಿಸ್ತಾ ಇವರಿಗಿಂತ ಮೊದಲೇ, 1589ರಲ್ಲಿ, ಅದೇ ಅಹಮದನಗರ ಬಿಟ್ಟು ವಿಜಯಪುರ ಸೇರಿದ್ದ.

ಇವರ ನಿರ್ಧಾರವನ್ನು ಹಣದಾಸೆ ಎಂದು ಒಂದೇ ಮಾತಿನಲ್ಲಿ ಮುಗಿಸಲಾಗದು. ಸಂಬಳ ಕೊಡುವ ಮನೆ ಅಲುಗಾಡತೊಡಗಿದಾಗ ಇನ್ನೊಂದು ಮನೆ ಹುಡುಕಿಕೊಳ್ಳುವುದು ಸಂಸಾರಸ್ಥ ಮಾಡುವ ಕೆಲಸ. ಹಾಗೆ ಹುಡುಕಿಕೊಂಡದ್ದರಿಂದಲೇ ಫಿರಿಸ್ತಾನ ಇತಿಹಾಸ ನಮಗೆ ಸಿಕ್ಕಿತು. ಜುಹೂರಿಯ 'ಸೆಹ್ ನಸ್ರ್' ಎಂಬ ಮೂರು ಗದ್ಯ ಮುನ್ನುಡಿಗಳು ಸಿಕ್ಕವು. ಹಿಂದೂಸ್ತಾನದ ಫಾರಸಿ ಮದರಸಾಗಳಲ್ಲಿ ತಲೆಮಾರುಗಳ ಕಾಲ ಮಾದರಿ ಗದ್ಯವೆಂದು ಅವನ್ನು ಓದಿಸಿದರು. ಗಾಲಿಬನಂಥ ಗಾಲಿಬ್ ಜುಹೂರಿಯ ಎದುರು ತನ್ನನ್ನು ನಿಲ್ಲಿಸಿ ಅಳೆದುಕೊಂಡ. ಊರು ಬಿಟ್ಟವನ ಬರವಣಿಗೆ ಸೊರಗುತ್ತದೆ ಎಂಬ ನಮ್ಮ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಆದರೆ ವಿಮರ್ಶೆಯ ಪ್ರಶ್ನೆ ಇಲ್ಲಿಗೆ ಮುಗಿಯದು. ಸಂಬಳ ಬರಹಕ್ಕೆ ಏನು ಮಾಡಿತು? ಮೂರು ಮುನ್ನುಡಿಗಳಲ್ಲಿ ಮೊದಲನೆಯದು ಇಬ್ರಾಹಿಮನ 'ಕಿತಾಬೆ ನೌರಸ್'ಗೆ ಬರೆದದ್ದು. ಮೂಲಕೃತಿ ಇರುವುದು ದಖನಿಯಲ್ಲಿ. ಅರಸ ಅದರಲ್ಲಿ ಸರಸ್ವತಿಯನ್ನು ಸ್ತುತಿಸುತ್ತಾನೆ, ಗುಲಬರ್ಗದ ಬಂದೇ ನವಾಜ್ ಗೇಸುದರಾಜರನ್ನು ನೆನೆಯುತ್ತಾನೆ, ತನ್ನ ಆನೆಯನ್ನೂ ತಂಬೂರಿಯನ್ನೂ ಹಾಡಿಗೆ ತರುತ್ತಾನೆ. ಅರಸನ ಮಾತು ಮಣ್ಣಿಗೆ ಹತ್ತಿರವಿದೆ. ಮುನ್ನುಡಿಯ ಮಾತು ಮುಗಿಲಲ್ಲಿದೆ. ಒಂದು ಉಪಮೆಯ ಬೆನ್ನಿಗೆ ಇನ್ನೊಂದು, ಪ್ರಾಸದ ಹಿಂದೆ ಪ್ರಾಸ. ಓದುವಾಗ ಬೆರಗಾಗುತ್ತದೆ, ಪುಸ್ತಕ ಮುಚ್ಚಿದ ಮೇಲೆ ಒಂದು ಬೀದಿಯೂ ಒಂದು ಬಾವಿಯೂ ಕಣ್ಣ ಮುಂದೆ ನಿಲ್ಲುವುದಿಲ್ಲ. ತೊರವಿಯ ಬಯಲಿನಲ್ಲಿ ಸಾವಿರಾರು ಜನ ಕಲ್ಲುಕುಟಿಗರೂ ಗಾರೆಯವರೂ ನಗರ ಕಟ್ಟುತ್ತಿದ್ದಾಗ ಆ ಕಾಲದ ಅತ್ಯುತ್ತಮ ಗದ್ಯಕಾರ ಅಲ್ಲಿಂದ ಕೂಗಳತೆಯಲ್ಲಿದ್ದ. ಅವನ ಗದ್ಯದಲ್ಲಿ ಆ ಬೆವರಿಗೆ ಜಾಗವಿಲ್ಲ. ಈ ಗದ್ಯ ನಷ್ಟಮಾಡಿಕೊಂಡದ್ದು ಇದನ್ನು. ಜುಹೂರಿ ಊರು ಬಿಟ್ಟದ್ದರಿಂದ ಅದು ಆಗಲಿಲ್ಲ. ಬಂದ ಊರಿನಲ್ಲಿ ಸಂಬಳ ಕೊಟ್ಟವನ ಮುಖ ಬಿಟ್ಟು ಬೇರೆ ಮುಖ ನೋಡದಿದ್ದುದರಿಂದ ಆಯಿತು.

ಕಲ್ಲುಕುಟಿಗರೂ ಕೆಲಸಕ್ಕಾಗಿಯೇ ಬಂದವರು. ನಮ್ಮ ಭಾಷೆ ಮಾತ್ರ ಅವರಿಗೂ ಕವಿಗೂ ಭೇದ ಮಾಡುತ್ತದೆ. ಕವಿ ಹೋದರೆ ಆಸ್ಥಾನದ ಆಹ್ವಾನ, ಅಧಿಕಾರಿ ಹೋದರೆ ಬಡ್ತಿ, ಕೂಲಿಕಾರ ಹೋದರೆ ಗುಳೆ. ಇಂದಿಗೂ ವಿಜಯಪುರದ ತಾಂಡಾಗಳಿಂದ, ಹಳ್ಳಿಗಳಿಂದ ಗೋವೆಗೆ, ಪುಣೆಗೆ, ಮುಂಬಯಿಗೆ, ಮಂಗಳೂರಿಗೆ ಹೋಗುವವರ ಪ್ರಯಾಣಕ್ಕೆ ಈ ಒಂದೇ ಶಬ್ದ. ಬೆಂಗಳೂರಿನ ಕಂಪನಿ ಬಿಟ್ಟು ಹೆಚ್ಚಿನ ಸಂಬಳಕ್ಕೆ ಹೈದರಾಬಾದಿಗೆ ಹೊರಟ ಇಂಜಿನಿಯರನ ಬಗ್ಗೆ ಗುಳೆ ಹೋದ ಎಂದು ಯಾರೂ ಅನ್ನುವುದಿಲ್ಲ. ಒಬ್ಬನಿಗೆ ಇರುವುದು ಆಯ್ಕೆ, ಇನ್ನೊಬ್ಬನಿಗೆ ಇರುವುದು ಹೊಟ್ಟೆ. ಸಂಬಳಕ್ಕಾಗಿ ಊರು ಬಿಡುವುದು ಸರಿಯೋ ತಪ್ಪೋ ಎಂದು ಚರ್ಚಿಸುವ ಅವಕಾಶ ಇರುವವರೆಲ್ಲ ಮೊದಲ ಗುಂಪಿಗೆ ಸೇರಿದವರು ಎಂಬುದನ್ನು ಕತೆ ಬರೆಯುವ ನಾವು ಮರೆಯಬಾರದು.

ಇನ್ನು ಉಳಿದವನ ವಿಚಾರ. ಕುಮಾರ ವಾಲ್ಮೀಕಿ ಅರಸನೊಬ್ಬನ ಹೆಸರನ್ನು ಕಾವ್ಯದ ಮುಡಿಗೆ ಕಟ್ಟಲಿಲ್ಲ, ಊರ ದೇವರ ಹೆಸರನ್ನು ಕಟ್ಟಿದ. ಇದನ್ನು ತ್ಯಾಗವೆಂದು ಹಾಡಿ ಹೊಗಳುವುದು ಸುಲಭ. ಆದರೆ ಕೈಗೆ ಬಂದ ದೊಡ್ಡ ಸಂಬಳವನ್ನು ಅವನು ತಿರಸ್ಕರಿಸಿದ ಎಂಬ ಕತೆಯೇನೂ ಇಲ್ಲ. ಆದ್ದರಿಂದ ಅವನನ್ನು ಜುಹೂರಿಯ ಎದುರು ಸಂತನನ್ನಾಗಿ ನಿಲ್ಲಿಸುವುದು ನ್ಯಾಯವಲ್ಲ. ಹೋಲಿಸಬೇಕಾದದ್ದು ಇಬ್ಬರ ಕೃತಿಗಳನ್ನು ಯಾರು ಕಾಪಾಡಿಕೊಂಡು ಬಂದರು ಎಂಬುದನ್ನು. ತೊರವೆ ರಾಮಾಯಣ ಗಮಕಿಗಳ ಕೊರಳಿಗೆ ಬಿತ್ತು. ಗಟ್ಟ ಇಳಿದು ಕರಾವಳಿಗೆ ಹೋಯಿತು. ಕಾಸರಗೋಡು ಸೀಮೆಯ ಕುಂಬಳೆಯ ಪಾರ್ತಿಸುಬ್ಬ ತನ್ನ ಯಕ್ಷಗಾನದ ರಾಮಾಯಣ ಪ್ರಸಂಗಗಳಿಗೆ ಇದನ್ನು ಆಶ್ರಯಿಸಿದ. ಕವಿ ಊರಲ್ಲೇ ಉಳಿದ, ಕಾವ್ಯ ಗುಳೆ ಹೋಯಿತು, ಹೋದಲ್ಲೆಲ್ಲ ಅನ್ನ ಹುಟ್ಟಿಸಿಕೊಂಡಿತು. ಅದಕ್ಕೆ ಒಬ್ಬ ಧಣಿ ಇರಲಿಲ್ಲ, ನೂರು ಮನೆ ಇದ್ದವು.

ನೌರಸ್‌ಪುರದ ಕತೆ ಇದಕ್ಕೆ ಪೂರಾ ಉಲ್ಟಾ. ಇಲ್ಲಿ ಒಬ್ಬ ಕವಿಯಷ್ಟೇ ಅಲ್ಲ, ಒಂದು ನಗರವೇ ಜಾಗ ಬದಲಿಸಬೇಕೆಂದು ಅರಸ ಬಯಸಿದ. ಅಮೀರರೂ ವ್ಯಾಪಾರಿಗಳೂ ದೊಡ್ಡ ಪಟ್ಟಣ ಬಿಟ್ಟು ಬಂದು ಇಲ್ಲಿ ಮನೆ ಕಟ್ಟಿಕೊಳ್ಳಬೇಕು ಎಂದಾಯಿತು. ಸಂಗೀತಕ್ಕೆ ಮಹಲು ಎದ್ದಿತು. ನೌರಸ್ ಎಂಬ ಹೆಸರು ಮುದ್ರೆಗೂ ನಾಣ್ಯಕ್ಕೂ ಹೋಯಿತು. ವಿಚಿತ್ರವೆಂದರೆ ಇದೇ ತೊರವಿ ಕಡೆಯ ನೀರು ನೆಲದೊಳಗಿನ ಕರೇಜ್ ಸುರಂಗದಲ್ಲಿ ವಿಜಯಪುರಕ್ಕೆ ಹರಿದು ಆ ದೊಡ್ಡ ಪಟ್ಟಣದ ಬಾಯಾರಿಕೆ ನೀಗಿಸುತ್ತಿತ್ತು. ಸುರಂಗ ಬಾವಡಿ ಈಗಲೂ ಅದಕ್ಕೆ ಸಾಕ್ಷಿ. ನೀರು ಊರಿನಿಂದ ಪಟ್ಟಣಕ್ಕೆ, ಜನ ಪಟ್ಟಣದಿಂದ ಊರಿಗೆ! ನೀರಿನ ದಾರಿ ಉಳಿಯಿತು, ಜನರ ದಾರಿ ಉಳಿಯಲಿಲ್ಲ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ನೌರಸ್‌ಪುರವನ್ನು ಸೂರೆಮಾಡಿತು. ಸುತ್ತಲ ಗೋಡೆ ಪೂರ್ತಿಯಾಗಲೇ ಇಲ್ಲ. ಮೂರು ವರ್ಷಕ್ಕೆ, 1627ರಲ್ಲಿ, ಇಬ್ರಾಹಿಮನೂ ತೀರಿಹೋದ. ಸಂಗೀತ ಮಹಲಿನ ಎತ್ತರದ ಕಮಾನುಗಳು ಮಾತ್ರ ಇಂದಿಗೂ ನಿಂತಿವೆ. ಒಬ್ಬನೇ ಧಣಿಯ ಮನಸ್ಸಿನ ಮೇಲೆ ನಿಂತ ಊರು ಅವನ ಶಕ್ತಿ ಕುಂದಿದಾಗ ಕುಂದಿತು. ಒಂದೇ ಕಂಪನಿಯ ಮೇಲೆ, ಒಂದೇ ದೇಶದ ಎಣ್ಣೆಯ ಮೇಲೆ ಬದುಕು ಕಟ್ಟಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಜೌಕ್ ಹೇಳಿದ್ದೇ ಸರಿಯೆ? ಅವನು 1854ರಲ್ಲಿ ತೀರಿಕೊಂಡ. ಮೂರೇ ವರ್ಷಕ್ಕೆ, 1857ರಲ್ಲಿ, ಅವನು ಬಿಡಲೊಲ್ಲದ ದಿಲ್ಲಿ ನುಚ್ಚುನೂರಾಯಿತು. ಅವನ ಶಿಷ್ಯ ದಾಗ್ ಅದನ್ನು ಬಿಟ್ಟು ರಾಂಪುರ ಸೇರಿ, ಕೊನೆಗೆ ಹೈದರಾಬಾದಿನ ನಿಜಾಮನಿಗೆ ಉಸ್ತಾದನಾಗಿ 1905ರಲ್ಲಿ ಅಲ್ಲಿಯೇ ಮಣ್ಣಾದ. ಗುರು ಒಲ್ಲೆನೆಂದ ಊರೇ ಶಿಷ್ಯನನ್ನು ಸಾಕಿತು. ದಿಲ್ಲಿಯ ಆಡುಮಾತಿನ ಸೊಗಸು ದಾಗ್‌ನ ಗಜಲುಗಳಲ್ಲಿ ಹೈದರಾಬಾದಿನಲ್ಲೂ ಮಾಸಲಿಲ್ಲ. ಊರಲ್ಲಿ ಉಳಿದ ಮಾತ್ರಕ್ಕೆ ಊರು ಉಳಿಯುವುದಿಲ್ಲ, ಬಿಟ್ಟ ಮಾತ್ರಕ್ಕೆ ಅದು ನಮ್ಮಿಂದ ಕಳಚಿ ಬೀಳುವುದೂ ಇಲ್ಲ.

ನಮ್ಮ ಪರಂಪರೆಯಲ್ಲಿ ವಲಸೆಗೆ ದೊಡ್ಡ ಗೌರವವಿದೆ. ನಮ್ಮ ಪಂಚಾಂಗವೇ ಹಿಜರತ್‌ನಿಂದ ಶುರುವಾಗುತ್ತದೆ. ಬುಖಾರಿ ಸಂಗ್ರಹದ ಮೊದಲ ಹದೀಸ್ ಕರ್ಮಗಳಿಗೆ ನಿಯ್ಯತ್ತೇ ಆಧಾರವೆಂದು ಹೇಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆ ಮಾತಿಗೆ ಕೊಟ್ಟ ಉದಾಹರಣೆ ಊರು ಬಿಡುವುದರದ್ದೇ ಎಂಬುದನ್ನು ನಾವು ಗಮನಿಸುವುದಿಲ್ಲ. ಯಾವುದಕ್ಕಾಗಿ ಹೊರಟೆಯೋ ನಿನ್ನ ವಲಸೆ ಅದಕ್ಕೇ ಸೇರಿದ್ದು ಎಂಬುದು ಅದರ ಸಾರ. ರೋಜಿಗಾಗಿ ಹೊರಡುವುದನ್ನು ಅದು ಹರಾಮೆನ್ನುವುದಿಲ್ಲ. ರೋಜಿಗಾಗಿ ಹೊರಟು ಅದಕ್ಕೆ ದೊಡ್ಡ ಹೆಸರಿಡಬೇಡ ಎನ್ನುತ್ತದೆ. ಉಳಿದವರಿಗೂ ಇದೇ ತಕ್ಕಡಿ ಬೇಕು. ಧೈರ್ಯ ಸಾಲದೆ ಉಳಿದುಕೊಂಡು ಅದನ್ನು ಊರಿನ ಪ್ರೇಮ ಎಂದು ಕರೆದುಕೊಳ್ಳುವುದೂ ನಿಯ್ಯತ್ತಿನ ದೋಷವೇ.

ಇನ್ನೊಂದು ಮಾತು. ಜುಹೂರಿಯ ಹೆಂಡತಿ ಅಹಮದನಗರ ಬಿಡಲು ಒಪ್ಪಿದ್ದಳೆ? ತಜಕಿರಾಗಳು ಆಕೆಯನ್ನು ಇಬ್ಬರು ಕವಿಗಳ ನಡುವಿನ ಕೊಂಡಿಯಾಗಿ ಮಾತ್ರ ನೆನೆಯುತ್ತವೆ, ಒಬ್ಬನ ಮಗಳು, ಇನ್ನೊಬ್ಬನ ಮಡದಿ. ನಮ್ಮ ಕತೆಗಳೂ ಇದಕ್ಕಿಂತ ಹೆಚ್ಚೇನೂ ಮುಂದೆ ಹೋಗಿಲ್ಲ. ಅವುಗಳಲ್ಲಿ ಹೋಗುವವನು ಗಂಡಸು, ಕಾಯುವವಳು ಹೆಂಗಸು. ಆದರೆ ತೊರವಿಯಲ್ಲಿಯೇ ಈಗ ಬೇರೆ ದೃಶ್ಯವಿದೆ. 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾಲಯದ ಆವರಣ ಇರುವುದು ಈ ಊರಿನಲ್ಲಿ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು, ಅರಮನೆಯನ್ನೂ ಊರನ್ನೂ ಬಿಟ್ಟು ಒಬ್ಬಳೇ ನಡೆದವಳ ಹೆಸರು. ಅಲ್ಲಿ ಓದುವ ಹುಡುಗಿಯರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಊರ ಹತ್ತಿರ ಅತಿಥಿ ಉಪನ್ಯಾಸಕಿಯಾಗಿ ಸಣ್ಣ ಗೌರವಧನಕ್ಕೆ ದುಡಿಯಬೇಕೋ, ದೂರದ ದೊಡ್ಡ ಸಂಬಳಕ್ಕೆ ಹೊರಡಬೇಕೋ ಎಂಬ ಪ್ರಶ್ನೆ ನಾಳೆ ಅವರ ಮುಂದೆ ಬರುತ್ತದೆ. ದೊಡ್ಡ ಊರಿನಲ್ಲಿ ಈಗಾಗಲೇ ನೆಲೆನಿಂತವಳಿಗೂ ಇನ್ನೊಂದು ಊರಿನಿಂದ ಕರೆ ಬಂದಾಗ ಇದೇ ಪ್ರಶ್ನೆ. ಮಗ ಹೊರಟರೆ ಮಿಠಾಯಿ ಹಂಚುವ ಮನೆ ಮಗಳು ಹೊರಟರೆ ಪಂಚಾಯ್ತಿ ಕೂಡಿಸುತ್ತದೆ. ಅಲ್ಲಿ ತೀರ್ಮಾನವಾಗುವುದು ಸಂಬಳದ ಲೆಕ್ಕವಲ್ಲ, ನಿರ್ಧರಿಸುವ ಹಕ್ಕು ಯಾರದು ಎಂಬುದು. ಈ ಜಗಳವನ್ನು ಬರೆಯುವ ಕತೆಗಾಗಿ ನಮ್ಮ ಭಾಷೆ ಕಾಯುತ್ತಿದೆ.

ಹೋಗಬೇಕೋ ಬೇಡವೋ ಎಂದು ಸಾಹಿತ್ಯ ಯಾರಿಗೂ ಸಲಹೆ ಕೊಡಲಾರದು. ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಅದು ಕೊಡಬಲ್ಲದು. ತೊರವಿ ಕೊಡುವ ಪ್ರಶ್ನೆಗಳು ಮೂರು. ಹೋಗುವ ಊರು ಒಬ್ಬನೇ ಧಣಿಯ ಮೇಲೆ ನಿಂತಿದೆಯೆ? ಅಲ್ಲಿ ಸಂಬಳ ಕೊಡುವವನ ಮುಖದಾಚೆ ಬೇರೆ ಮುಖಗಳನ್ನು ನೋಡಲು ನಮ್ಮ ಕಣ್ಣು ತೆರೆದಿರುತ್ತದೆಯೆ? ಜೊತೆಗೆ ಹೊರಡುವವರನ್ನು, ಹಿಂದೆ ಉಳಿಯುವವರನ್ನು ಕೇಳಿದ್ದೇವೆಯೆ? ಈ ಮೂರಕ್ಕೂ ಸರಿಯಾದ ಉತ್ತರ ಇದ್ದವರು ನಿಶ್ಚಿಂತೆಯಿಂದ ಗಂಟು ಕಟ್ಟಲಿ. ಅಂಥವರ ಸಂಬಳವನ್ನು ಹಿಡಿದು ಅವರ ಬರಹವನ್ನು ಅಳೆಯುವ ಚಟವನ್ನು ವಿಮರ್ಶಕರಾದ ನಾವು ಇನ್ನಾದರೂ ಬಿಡೋಣ.