ಕೂಲಿಗಿಂತ ಕೀಳಾದ ಅನ್ನ

1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬಡವರ ಕಾನೂನನ್ನು ತಿದ್ದಿದಾಗ ಅದಕ್ಕೆ ಆಧಾರವಾದ ಸೂತ್ರವಿದು: ಸರ್ಕಾರದ ಅನ್ನವನ್ನುಣ್ಣುವವನ ಸ್ಥಿತಿಯು, ದುಡಿದುಣ್ಣುವವರಲ್ಲಿ ಅತ್ಯಂತ ದರಿದ್ರನಾದವನ ಸ್ಥಿತಿಗಿಂತ ಒಂದು ಮೆಟ್ಟಿಲು ಕೆಳಗೇ ಇರತಕ್ಕದ್ದು. ನಾಸೋ ಸೀನಿಯರ್, ಎಡ್ವಿನ್ ಚಾಡ್ವಿಕ್ ಎಂಬ ಮೇಧಾವಿಗಳು ಆ ತಿದ್ದುಪಡಿಗೆ ಮೊದಲು ಬರೆದ ವರದಿಯಲ್ಲಿ ಪ್ರತಿಪಾದಿಸಿದ ಈ ತತ್ತ್ವವನ್ನು ಏಕಾಏಕಿ ಅಲ್ಲಗಳೆಯುವುದು ಸುಲಭವಲ್ಲ. ದುಡಿಯದವನಿಗೂ ಸಮಪಾಲು ದೊರೆತರೆ ಬೆವರು ಸುರಿಸುವವರಾರು ಎಂಬ ಸಂದೇಹವು ಹೊಲದ ಆಳಿಗೂ ಹುಟ್ಟತಕ್ಕದ್ದೇ. ಆದರೆ ಕೂಲಿಯೇ ಅರೆಹೊಟ್ಟೆಯದಾದಲ್ಲಿ ಅದರ ಕೆಳಗಿನ ಮೆಟ್ಟಿಲು ಯಾವುದು? 1845ರಲ್ಲಿ ಆಂಡೋವರಿನ ವರ್ಕ್‌ಹೌಸಿನಲ್ಲಿ, ಎಂದರೆ ನಿರ್ಗತಿಕರನ್ನು ಇರಿಸಿ ದುಡಿಸುವ ಸರ್ಕಾರಿ ಆಶ್ರಯದಲ್ಲಿ, ಅದು ಜನರ ಕಣ್ಣಿಗೆ ಬಿದ್ದಿತು: ಗೊಬ್ಬರಕ್ಕಾಗಿ ಮೂಳೆ ಪುಡಿಮಾಡಲು ಕೂರಿಸಿದ್ದ ನಿರ್ಗತಿಕರು ಆ ಮೂಳೆಗಳಿಗಂಟಿದ್ದ ಕೊಳೆತ ಮಾಂಸಕ್ಕಾಗಿ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದರು.

ಅದೇ ಬಗೆಯ ತರ್ಕವು ಸಮುದ್ರ ದಾಟಿ ನಮ್ಮ ಬಳ್ಳಾರಿಗೂ ಬಂದಿತು. 1877ರ ಘೋರ ಕ್ಷಾಮದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲರು, ಆಗ ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತದ ಪರಿಹಾರ ಕಾಮಗಾರಿಗಳ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ರಾತಲು ಧಾನ್ಯ, ಮೇಲೊಂದಿಷ್ಟು ಚಿಲ್ಲರೆ ಕಾಸು, ಎಂಬಲ್ಲಿಗೆ ಇಳಿಸಿದರು. ಬಿಸಿಲಲ್ಲಿ ಕಲ್ಲೊಡೆಯುವವನಿಗೆ ಒಂದು ರಾತಲು! ಪ್ರಾಂತದ ಆರೋಗ್ಯ ಕಮಿಷನರಾಗಿದ್ದ ಡಾಕ್ಟರ್ ಕಾರ್ನಿಷರು, ಇಷ್ಟರಲ್ಲಿ ದುಡಿಯುವ ದೇಹ ನಿಲ್ಲಲಾರದೆಂದು ಪಟ್ಟುಹಿಡಿದು ವಾದಿಸಿದರು. ಇದೇ ಟೆಂಪಲ್ಲರು 1874ರಲ್ಲಿ ಬಿಹಾರಕ್ಕೆ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿ, ಪ್ರಾಣಹಾನಿಯನ್ನು ಬಹುಮಟ್ಟಿಗೆ ತಡೆದು, ಆ ಪುಣ್ಯಕ್ಕೆ ಪ್ರತಿಫಲವಾಗಿ ದುಂದುಗಾರರೆಂಬ ಬಿರುದನ್ನು ಹೊತ್ತವರು. ಬಳ್ಳಾರಿಯ ರಾತಲಿನಲ್ಲಿ ಆ ಹಳೆಯ ಅಪಕೀರ್ತಿಯ ಭಯವೂ ತೂಗಿತ್ತೆಂದೇ ನನ್ನ ಎಣಿಕೆ.

ಸುಳ್ಳು ಹೇಳಿ ಅನ್ನ ಪಡೆಯುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ, ಇಲ್ಲವೆನ್ನುವುದು ಭೋಳೆತನ. ಅಂಥ ಒಬ್ಬನು ಒಳನುಸುಳದಿರಲೆಂದು ನೂರು ಮಂದಿಯ ಹಸಿವನ್ನು ಸುತ್ತಿಗೆಯಿಂದ ಪರೀಕ್ಷಿಸುವ ವ್ಯವಸ್ಥೆಯು, ಹಾಜರಿಪಟ್ಟಿಯಲ್ಲಿ ಇಲ್ಲದವರ ಹೆಸರನ್ನು ಬರೆಯುವ ಮೇಸ್ತ್ರಿಯ ಕೈಯನ್ನು ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದ್ದರೆ ನಮಗೆ ತಕರಾರಿರುತ್ತಿರಲಿಲ್ಲ.

ವರ್ಕ್‌ಹೌಸುಗಳ ಕಾಲ ಕಳೆದರೂ ಸೂತ್ರ ಸಾಯಲಿಲ್ಲ. ನಿರುದ್ಯೋಗಿಗೆ ಕೊಡುವ ನೆರವು ಅವನು ದುಡಿದಿದ್ದರೆ ಗಳಿಸಬಹುದಾಗಿದ್ದ ಕೂಲಿಯನ್ನು ಮೀರಕೂಡದೆಂಬ ನಿಯಮವು ಬ್ರಿಟನ್ನಿನಲ್ಲಿ 1975ರವರೆಗೂ ಜಾರಿಯಲ್ಲಿದ್ದಿತು. ಬಹುಮಕ್ಕಳ ಸಂಸಾರವೊಂದಕ್ಕೆ ವಾರಕ್ಕೆ ಇಷ್ಟು ಬೇಕೇಬೇಕೆಂದು ಸರ್ಕಾರವೇ ಲೆಕ್ಕಹಾಕಿ, ಅಷ್ಟು ಕೂಲಿಯನ್ನು ಈತನಿಗೆ ಯಾವ ಧಣಿಯೂ ಕೊಡುವುದಿಲ್ಲವೆಂಬ ಕಾರಣಕ್ಕೆ ಆ ಮೊತ್ತದಲ್ಲಿ ತಾನೇ ಕಡಿತಮಾಡುತ್ತಿತ್ತು. ಧಣಿಯನ್ನು ಕರೆದು ಕೇಳುವ ಕಲಮು ಮಾತ್ರ ಆ ನಿಯಮದಲ್ಲಿರಲಿಲ್ಲ.