ಬೈಬಲ್ ಕರ್ತೃಗಳ ಶೈಲಿ: ಒಂದು ವಿವೇಚನೆ

ಧರ್ಮಗ್ರಂಥವನ್ನು ಸಾಹಿತ್ಯದೃಷ್ಟಿಯಿಂದ ಪರಿಶೀಲಿಸುವುದು ಅದರ ಪಾವಿತ್ರ್ಯಕ್ಕೆ ಕುಂದು ತರುವ ಕಾರ್ಯವೆಂದು ಭಾವಿಸುವ ಭಕ್ತರುಂಟು. ಅದನ್ನು ಬರಿಯ ಕಾವ್ಯವೆಂದು ಓದಿ ಅಂತರಂಗವನ್ನು ಕಡೆಗಣಿಸುವ ಸಾಹಿತ್ಯಾಭ್ಯಾಸಿಗಳೂ ಉಂಟು. ಈ ಎರಡು ನಿಲುವುಗಳೂ ಅಪೂರ್ಣವೆಂಬುದಕ್ಕೆ ಸಂತ ಆಗಸ್ಟೀನರ (354–430) ಅನುಭವವೇ ಸಾಕ್ಷಿಯಾಗಿದೆ.

ಉತ್ತರ ಆಫ್ರಿಕದ ಕಾರ್ಥೇಜಿನಲ್ಲಿ ವಾಗ್ಮಿತೆಯನ್ನು ಅಭ್ಯಸಿಸುತ್ತಿದ್ದ ಅವರು ಹತ್ತೊಂಬತ್ತರ ಹರೆಯದಲ್ಲಿ ಸಿಸೆರೊವಿನ ಗ್ರಂಥವೊಂದನ್ನೋದಿ ಜ್ಞಾನದ ಹಂಬಲ ಹುಟ್ಟಿ ಬೈಬಲನ್ನು ತೆರೆದರು. ಸಿಸೆರೊವಿನ ಗಂಭೀರ ಗದ್ಯದೆದುರು ಅದರ ಮಾತು ಅವರಿಗೆ ತೀರ ಕೀಳೆನಿಸಿತು. ಆದರೆ ಬಿಷಪ್ ಪದವಿಯಲ್ಲಿದ್ದು, ಬಾಳಿನ ಸಂಜೆಯಲ್ಲಿ, ಸುಮಾರು 426ರಲ್ಲಿ ಕ್ರೈಸ್ತಬೋಧೆಯನ್ನು ಕುರಿತ ತಮ್ಮ ಗ್ರಂಥದ ನಾಲ್ಕನೆಯ ಭಾಗವನ್ನು ಬರೆದಾಗ, ಅದೇ ಆಗಸ್ಟೀನರು ವಾಗ್ಮಿತೆಗೆ ನಿದರ್ಶನವಾಗಿ ಎತ್ತಿಕೊಂಡದ್ದು ಪೌಲನ ಪತ್ರಗಳನ್ನು ಮತ್ತು ಪ್ರವಾದಿ ಆಮೋಸನ ನುಡಿಯನ್ನು.

ಕ್ರಿ. ಪೂ. ಎಂಟನೆಯ ಶತಮಾನದ ಈ ಆಮೋಸ ತೆಕೋವದ ಪಶುಪಾಲಕ. ಅತ್ತಿಯ ಜಾತಿಯ ಮರಗಳನ್ನು ನೋಡಿಕೊಳ್ಳುತ್ತಿದ್ದವನು. ಆತನ ಗ್ರಂಥದ ಆರನೆಯ ಅಧ್ಯಾಯದಲ್ಲಿ ದಂತದ ಮಂಚ, ಎಳೆಗುರಿಯ ಮಾಂಸ, ವಾದ್ಯದ ನಾದ, ಪಾನಪಾತ್ರೆ, ಸುಗಂಧತೈಲ ಎಂದು ಸಿರಿವಂತರ ಭೋಗಗಳು ಒಂದರ ಮೇಲೊಂದು ಏರುತ್ತ ಹೋಗಿ, ಯೋಸೇಫನ ನಾಶಕ್ಕೆ ಅವರು ಮರುಗಲಿಲ್ಲವೆಂಬ ಚಿಕ್ಕ ಮಾತಿನಲ್ಲಿ ನಿಲ್ಲುತ್ತವೆ. ‘ಯೋಸೇಫ’ನೆಂದರೆ ಇಲ್ಲಿ ಜನಾಂಗ, ಜೊತೆಗೆ ಅಣ್ಣಂದಿರಿಂದಲೇ ಮಾರಲ್ಪಟ್ಟ ತಮ್ಮನ ನೆನಪು. ಒಂದು ಹೆಸರಿನಲ್ಲಿ ಅಡಗಿರುವ ಈ ಧ್ವನಿಯನ್ನು ಆಗಸ್ಟೀನರು ಮನಸಾರೆ ಮೆಚ್ಚಿ ವಿವರಿಸಿದ್ದಾರೆ. ಜ್ಞಾನವು ಮುಂದೆ ನಡೆದರೆ ವಾಗ್ಮಿತೆಯು ಕರೆಯದಿದ್ದರೂ ಸೇವಕಿಯಂತೆ ಹಿಂಬಾಲಿಸುವುದೆಂಬುದು ಅವರ ನಿರ್ಣಯ.

ಆದರೆ ಬೈಬಲಿನ ಕರ್ತೃಗಳೆಲ್ಲರದೂ ಒಂದೇ ಶೈಲಿಯೆಂದು ತಿಳಿಯಲಾಗದು. ಆಮೋಸನದು ಹೇಳುವ ಬಲವಾದರೆ, ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯದ ಕಥನಕಾರನದು ಹೇಳದಿರುವ ಬಲ. ಮಗನನ್ನು ಬಲಿಗೊಯ್ಯುವ ಅಬ್ರಹಾಮನ ಎದೆಯ ತಳಮಳವನ್ನು ಕುರಿತು ಒಂದು ಮಾತೂ ಇಲ್ಲ. ಕತ್ತೆಗೆ ತಡಿ ಹಾಕಿದ್ದು, ಕಟ್ಟಿಗೆ ಸೀಳಿದ್ದು, ಮೂರನೆಯ ದಿನ ದೂರದಿಂದ ಆ ಸ್ಥಳವನ್ನು ಕಂಡದ್ದು—ಇಷ್ಟೇ. ಬಲಿಯ ಕುರಿ ಎಲ್ಲಿಯೆಂದು ಮಗ ಕೇಳುವ ಮೊದಲೂ, ತಂದೆ ಉತ್ತರಿಸಿದ ಮೇಲೂ, ಇಬ್ಬರೂ ಕೂಡಿ ನಡೆದರೆಂಬ ಒಂದೇ ವಾಕ್ಯ ಮರುಕಳಿಸುತ್ತದೆ. ಮೊದಲ ಸಲ ಅದು ಬರಿಯ ವರದಿ. ಎರಡನೆಯ ಸಲ ಸಹಿಸಲಾಗದ ಮೌನ.

ಗ್ರೀಕ್ ಭಾಷೆಯ ಸುವಾರ್ತೆಗಳಲ್ಲಿಯೂ ಈ ಭೇದ ಸ್ಪಷ್ಟ. ಮಾರ್ಕನು ‘ಕೂಡಲೆ’ ಎಂಬರ್ಥದ ಪದವನ್ನು ಮತ್ತೆಮತ್ತೆ ಬಳಸಿ ಅವಸರದಿಂದ ಸಾಗುತ್ತಾನೆ. ಲೂಕನಾದರೋ ನಾಲ್ಕು ವಚನಗಳಷ್ಟು ದೀರ್ಘವಾದ ಒಂದೇ ಸುಸಂಘಟಿತ ವಾಕ್ಯದಿಂದ ಆರಂಭಿಸಿ, ಕಥೆಗೆ ತೊಡಗಿದೊಡನೆ ಹಳೆಯ ಒಡಂಬಡಿಕೆಯ ಧಾಟಿಗೆ ಹೊರಳುತ್ತಾನೆ.

ಹಿಬ್ರೂ ಪದ್ಯದ ಮರ್ಮವನ್ನು 1753ರಲ್ಲಿ ಪ್ರಕಟವಾದ ತಮ್ಮ ಆಕ್ಸ್‌ಫರ್ಡ್ ಉಪನ್ಯಾಸಗಳಲ್ಲಿ ವಿಶದಪಡಿಸಿದವರು ರಾಬರ್ಟ್ ಲೌತ್. ಒಂದು ಸಾಲು ನುಡಿದುದನ್ನು ಮರುಸಾಲು ಬೇರೆ ಮಾತಿನಲ್ಲಿ ಪುಷ್ಟಿಗೊಳಿಸುವುದು, ಇಲ್ಲವೆ ಅದಕ್ಕೆ ವಿರುದ್ಧವಾಗಿ ನಿಲ್ಲುವುದು ಅಲ್ಲಿಯ ಮುಖ್ಯ ಲಕ್ಷಣವೆಂದು ಅವರು ತೋರಿಸಿದರು. ಈ ಲಯ ಬಹುಮಟ್ಟಿಗೆ ಅರ್ಥವನ್ನು ಅವಲಂಬಿಸಿರುವುದರಿಂದ ಅನುವಾದದಲ್ಲಿಯೂ ಪೂರ್ತಿ ಅಳಿಯುವುದಿಲ್ಲ.

ವಚನಗಳನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವೆನಿಸದು. ಅಂಬಿಗರ ಚೌಡಯ್ಯನವರ ನುಡಿಯ ಕಸುವು ಬೇರೆ, ಅಲ್ಲಮಪ್ರಭುಗಳ ಬೆಡಗು ಬೇರೆ; ಆ ಭೇದವನ್ನು ಗುರುತಿಸುವುದರಿಂದ ಶರಣರ ಮೇಲಣ ಭಕ್ತಿ ತಗ್ಗುವುದಿಲ್ಲ. ಕಾಲ, ದೇಶ, ತತ್ತ್ವಗಳಲ್ಲಿ ಈ ಎರಡು ಪರಂಪರೆಗಳಿಗೆ ಬಹಳ ಅಂತರವಿದೆ; ಹೋಲಿಕೆಯಿರುವುದು ಓದುವ ರೀತಿಯಲ್ಲಿ ಮಾತ್ರ. ತರುಣ ಆಗಸ್ಟೀನರ ಕೊರತೆ ಶೈಲಿಯನ್ನು ಗಮನಿಸಿದ್ದಲ್ಲ, ಅದನ್ನು ಪರರ ಅಳತೆಗೋಲಿನಿಂದ ಅಳೆದದ್ದು. ಗ್ರಂಥದ ಅಳತೆಗೋಲನ್ನು ಗ್ರಂಥದಿಂದಲೇ ಕಲಿಯುವ ವಿನಯವುಳ್ಳವನಿಗೆ ವಿಮರ್ಶೆಯೂ ಭಕ್ತಿಯ ಒಂದು ಅಂಗವಾಗಬಲ್ಲುದು.