ಧ್ಯಾನ ಬಲ್ಲವರೆಲ್ಲ ಚಿಕಿತ್ಸೆ ಕಲಿಸಬಲ್ಲರೇ?

ಮೈಂಡ್‌ಫುಲ್‌ನೆಸ್ ಆಧಾರಿತ ಚಿಕಿತ್ಸೆ ಕಲಿಸುವುದಕ್ಕೆಂದೇ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ ಎಂದರೆ ನಮ್ಮಲ್ಲಿ ಹಲವರು ಹುಬ್ಬೇರಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂದು ನಾವು ಬಿಟ್ಟದ್ದನ್ನು ಅವರು ಒಯ್ದು, ಪೊಟ್ಟಣ ಕಟ್ಟಿ, ಪೌಂಡುಗಳ ಲೆಕ್ಕದಲ್ಲಿ ನಮಗೇ ಮಾರುತ್ತಿದ್ದಾರೆ ಎಂಬ ಮಾತು ಹಿಂದೆಯೇ ಬರುತ್ತದೆ. ಹತ್ತಾರು ವರ್ಷ ಧ್ಯಾನ ಮಾಡಿದವರು ಊರೂರಲ್ಲಿ ಇರುವಾಗ ಪದವಿ ಯಾತಕ್ಕೆ? ಧ್ಯಾನವೇನು ಪರೀಕ್ಷೆ ಬರೆದು ಪಾಸಾಗುವ ವಿಷಯವೇ? ಹೀಗೆ ಕೇಳುವವರ ಬಗ್ಗೆ ನನಗೆ ಗೌರವವಿದೆ, ಅವರಲ್ಲಿ ಅನೇಕರು ನಿಜಕ್ಕೂ ಸಾಧಕರು. ಆದರೂ ಈ ಅಭಿಪ್ರಾಯ ತಪ್ಪು. ಈ ತಪ್ಪಿನ ದಂಡ ಕಟ್ಟುವವರು ಮತ್ತೆ ಮತ್ತೆ ಖಿನ್ನತೆಗೆ ಬೀಳುವ ರೋಗಿಗಳು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಮಾತು ಯಾವ ಚಿಕಿತ್ಸೆಯದು ಎಂದು ಮೊದಲೇ ಹೇಳಿಬಿಡುತ್ತೇನೆ. 1979ರಲ್ಲಿ ಜಾನ್ ಕಬತ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಕ್ಕೆ ಬಗ್ಗದ ದೀರ್ಘಕಾಲದ ನೋವು ಮತ್ತು ಒತ್ತಡ ಇರುವವರಿಗಾಗಿ ಒಂದು ತರಗತಿ ಶುರುಮಾಡಿದರು. ಅದರ ಸಾಮಗ್ರಿ ವಿಪಶ್ಯನ, ಝೆನ್, ಹಠಯೋಗಗಳಿಂದ ಬಂದದ್ದು. ಮೂಲ ನಮ್ಮ ಕಡೆಯದು ಎಂಬುದರಲ್ಲಿ ತಕರಾರಿಲ್ಲ, ಕಬತ್-ಜಿನ್ ಕೂಡ ಅದನ್ನು ಮುಚ್ಚಿಟ್ಟವರಲ್ಲ. 1990ರ ದಶಕದಲ್ಲಿ ಝಿಂಡೆಲ್ ಸೆಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಬೇರೆಯದೇ ಪ್ರಶ್ನೆ ಹಿಡಿದು ಕೂತಿದ್ದರು: ಖಿನ್ನತೆಯಿಂದ ಗುಣವಾದ ಮನುಷ್ಯ ಮತ್ತೆ ಯಾಕೆ ಅದಕ್ಕೇ ಬೀಳುತ್ತಾನೆ? ಅವರು ಕಂಡುಕೊಂಡ ಉತ್ತರ ಸರಳವಾಗಿದೆ. ಎಲ್ಲರಿಗೂ ಬರುವಂಥ ಸಣ್ಣ ಬೇಸರವೇ ಇಂಥವರಲ್ಲಿ ಹಳೆಯ ಯೋಚನೆಗಳನ್ನೆಲ್ಲ ಎಬ್ಬಿಸುತ್ತದೆ. ಮಳೆಗಾಲದಲ್ಲಿ ಗಾಡಿಯ ಚಕ್ರ ಹಳೆಯ ಜಾಡಿಗೇ ಜಾರುವ ಹಾಗೆ ಮನಸ್ಸು 'ನಾನು ಕೆಲಸಕ್ಕೆ ಬಾರದವಳು' ಎಂಬ ಜಾಡಿಗೆ ಇಳಿಯುತ್ತದೆ, ಪ್ರತಿ ಸಲದ ಖಿನ್ನತೆಯೂ ಆ ಜಾಡನ್ನು ಇನ್ನಷ್ಟು ಆಳ ಮಾಡುತ್ತದೆ. ಕಬತ್-ಜಿನ್‌ರ ತರಗತಿಯನ್ನೂ ಅರಿವಿನ ಚಿಕಿತ್ಸೆಯನ್ನೂ ಸೇರಿಸಿ ಅವರು ಕಟ್ಟಿದ್ದೇ ಎಂಟು ವಾರಗಳ ಎಂಬಿಸಿಟಿ, ಅಂದರೆ ಮೈಂಡ್‌ಫುಲ್‌ನೆಸ್ ಆಧಾರಿತ ಅರಿವಿನ ಚಿಕಿತ್ಸೆ.

2000ದಲ್ಲಿ ಪ್ರಕಟವಾದ ಮೊದಲ ಪ್ರಯೋಗದಲ್ಲಿ 145 ಮಂದಿ ಇದ್ದರು. ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರಲ್ಲಿ, ಮಾಮೂಲಿ ಆರೈಕೆ ಪಡೆದವರ ಪೈಕಿ ಶೇ. 66ರಷ್ಟು ಜನರಿಗೆ ಮತ್ತೆ ರೋಗ ಮರುಕಳಿಸಿತು, ಎಂಬಿಸಿಟಿ ಪಡೆದವರಲ್ಲಿ ಅದು ಶೇ. 37. ಈ ಅಂಕಿಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ಫಲಿತಾಂಶವನ್ನು ಹೇಳುವವರು ಕಡಿಮೆ: ಎರಡೇ ಸಲ ಖಿನ್ನತೆ ಬಂದವರಿಗೆ ಇದರಿಂದ ಲಾಭ ಕಾಣಲಿಲ್ಲ. 2004ರಲ್ಲಿ ಇನ್ನೊಂದು ಗುಂಪಿನ ಮೇಲೆ ಪ್ರಯೋಗ ಮಾಡಿದಾಗಲೂ ಇದೇ ಕಂಡಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್ ಆ ವರ್ಷ ಎಂಬಿಸಿಟಿಯನ್ನು ಶಿಫಾರಸು ಮಾಡಿದ್ದು ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದವರಿಗೆ ಮಾತ್ರ.

'ಧ್ಯಾನ ಎಲ್ಲರಿಗೂ ಒಳ್ಳೆಯದು' ಎಂಬ ಮಾತು ಇಲ್ಲೇ ಮುಗ್ಗರಿಸುತ್ತದೆ. ಬಾಗಿಲಿಗೆ ಬಂದವರಲ್ಲಿ ಯಾರನ್ನು ಗುಂಪಿಗೆ ಸೇರಿಸಿಕೊಳ್ಳಬೇಕು, ಯಾರಿಗೆ 'ಈಗ ಬೇಡ, ಮೊದಲು ಮನೋವೈದ್ಯರನ್ನು ನೋಡಿ' ಎನ್ನಬೇಕು, ಯಾರ ಮಾತಿನಲ್ಲಿ ಸಾಯುವ ಯೋಚನೆ ಅಡಗಿದೆ ಎಂದು ತಿಳಿಯುವುದು ಈ ಶಿಕ್ಷಕರ ಮೊದಲ ಕೆಲಸ. ಕಣ್ಣು ಮುಚ್ಚಿ ಕೂತ ವರ್ಷಗಳು ಎಷ್ಟೇ ಇರಲಿ, ಅವು ಇದನ್ನು ಕಲಿಸುವುದಿಲ್ಲ. ಇದನ್ನು ನಾನು ಧ್ಯಾನ ಪರಂಪರೆಯ ಮೇಲಿನ ಆರೋಪವಾಗಿ ಹೇಳುತ್ತಿಲ್ಲ. ಎಸ್.ಎನ್. ಗೋಯೆಂಕಾ ಪರಂಪರೆಯ ವಿಪಶ್ಯನ ಕೇಂದ್ರಗಳ ಶಿಸ್ತಿನ ನಿಯಮಗಳಲ್ಲೇ, ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ಹತ್ತು ದಿನದ ಶಿಬಿರವನ್ನು ತಾವು ಶಿಫಾರಸು ಮಾಡುವುದಿಲ್ಲ, ಇದು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ ಎಂದು ಹೇಳಿದೆ. ತಲೆಮಾರುಗಳಿಂದ ಧ್ಯಾನ ಕಲಿಸುತ್ತ ಬಂದ ಪರಂಪರೆಯೇ ಪ್ರಾಮಾಣಿಕವಾಗಿ ಗೆರೆ ಎಳೆದು ನಿಂತಿದೆ. ಆ ಗೆರೆಯ ಆಚೆ ಕೆಲಸ ಮಾಡಹೊರಟವರಿಗೆ ಬೇರೆ ಸಿದ್ಧತೆ ಬೇಕು ಎನ್ನುವುದು ಪರಂಪರೆಗೆ ಅವಮಾನ ಹೇಗಾದೀತು?

ಇನ್ನು ಕಲಿಸುವ ಕೆಲಸಕ್ಕೆ ಬರೋಣ. 'ಉಸಿರನ್ನು ಗಮನಿಸಿ, ಎಡಗಾಲಿನ ಹೆಬ್ಬೆರಳಿಗೆ ಗಮನ ತನ್ನಿ' ಎಂದು ಹೇಳುವುದು ಕಷ್ಟದ ಭಾಗವಲ್ಲ, ಮೊಬೈಲಿನ ಆ್ಯಪ್ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಎಂಬಿಸಿಟಿ ತರಗತಿಯಲ್ಲಿ ನಿಜವಾದ ಪಾಠ ನಡೆಯುವುದು ಅಭ್ಯಾಸ ಮುಗಿದು ಎಲ್ಲರೂ ಕಣ್ಣು ಬಿಟ್ಟ ಮೇಲೆ, ಶಿಕ್ಷಕರು 'ಏನು ಗಮನಕ್ಕೆ ಬಂತು?' ಎಂದು ಕೇಳಿದಾಗ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಎರಡನೇ ವಾರದ ತರಗತಿ. ಮನೆಯಲ್ಲಿ ಮಲಗಿ, ಪಾದದಿಂದ ನೆತ್ತಿಯವರೆಗೆ ಮೈಯನ್ನು ಗಮನಿಸುವ ಅಭ್ಯಾಸ ಮಾಡಿಕೊಂಡು ಬಂದ ಹೆಂಗಸೊಬ್ಬರು ಹೇಳುತ್ತಾರೆ: "ಸೊಂಟದವರೆಗೆ ಬರೋಷ್ಟರಲ್ಲೇ ಅಳು ಬಂದ್ಬಿಡ್ತು ಮೇಡಂ. ಇದೂ ನನ್ನ ಕೈಲಾಗಲ್ಲ." ಒಳ್ಳೆಯ ಧ್ಯಾನಗುರು ಇಲ್ಲಿ ಧೈರ್ಯ ತುಂಬಿಯಾರು: 'ಪರವಾಗಿಲ್ಲಮ್ಮ, ಬಿಡದೆ ಮಾಡಿ, ಮನಸ್ಸು ತಾನೇ ಶಾಂತವಾಗುತ್ತೆ.' ಒಳ್ಳೆಯ ಆಪ್ತಸಮಾಲೋಚಕರು ಕಾರಣ ಹುಡುಕಿಯಾರು: 'ಮನೆಯಲ್ಲಿ ಏನಾದರೂ ತೊಂದರೆ ಇದೆಯಾ?' ಎರಡೂ ಕರುಣೆಯ ಮಾತುಗಳೇ. ಆದರೆ ಮೊದಲನೆಯದು ಅವರ ಸೋಲಿನ ಭಾವನೆಗೆ ಇನ್ನೊಂದು ಗುರಿ ಸೇರಿಸಿತು, ಎರಡನೆಯದು ಅವರನ್ನು ಆ ಹಳೆಯ ಜಾಡಿಗೇ ಮರಳಿಸಿತು. ತರಬೇತಿ ಪಡೆದ ಶಿಕ್ಷಕಿ ಅವಸರಪಡುವುದಿಲ್ಲ.

"ಅಳು ಬರೋಕೆ ಮುಂಚೆ ಮೈಯಲ್ಲಿ ಏನಾದ್ರೂ ಗೊತ್ತಾಯ್ತಾ?"

"ಗಂಟ್ಲು ಕಟ್ಕೊಂಡ ಹಾಗಾಯ್ತು."

"ಆಮೇಲೆ?"

"ಆಮೇಲೇ ಅನ್ನಿಸಿದ್ದು, ನನ್ನ ಕೈಲಾಗಲ್ಲ ಅಂತ."

"ಮೊದಲು ಗಂಟಲು ಕಟ್ಟಿತು, ಆಮೇಲೆ ಆ ಯೋಚನೆ ಬಂತು."

"ಹೌದು ಮೇಡಂ." ಸ್ವಲ್ಪ ಹೊತ್ತು ಬಿಟ್ಟು, "ಎರಡೂ ಒಂದೇ ಅಂದ್ಕೊಂಡಿದ್ದೆ."

ಇಡೀ ಚಿಕಿತ್ಸೆ ಆ ಕೊನೆಯ ಮಾತಿನಲ್ಲಿದೆ. ಗಂಟಲು ಬಿಗಿಯುವುದು ಮೈಯ ಸಂಗತಿ, 'ಕೈಲಾಗಲ್ಲ' ಎನ್ನುವುದು ಅದರ ಬೆನ್ನಿಗೆ ಬಂದ ಯೋಚನೆ. ಎರಡನ್ನೂ ಬೇರೆ ಬೇರೆಯಾಗಿ ಕಂಡವರಿಗೆ ಮುಂದಿನ ಸಲ ಬೇಸರ ಬಂದಾಗ ಜಾಡಿಗೆ ಜಾರದೆ ನಿಲ್ಲಲು ಒಂದು ಅವಕಾಶ ಸಿಗುತ್ತದೆ. ಇದನ್ನು ಶಿಕ್ಷಕಿ ಹೇಳಿಕೊಡಲಿಲ್ಲ, ಅವರೇ ಕಂಡುಕೊಳ್ಳುವಂತೆ ಕೇಳಿದರು, ಅದೂ ಹನ್ನೆರಡು ಜನ ಕೂತ ಗುಂಪಿನ ಎದುರು, ಉಳಿದವರಿಗೂ ತಮ್ಮ ಗಂಟಲು, ತಮ್ಮ ಎದೆ ನೆನಪಾಗುವ ಹಾಗೆ. ಹೀಗೆ ಕೇಳುವುದು ಸುಲಭವೆಂದು ಓದುವಾಗ ಅನ್ನಿಸಬಹುದು. ಎದುರಿಗೆ ಒಬ್ಬರು ಅಳುತ್ತಿರುವಾಗ ಸಮಾಧಾನ ಹೇಳದೆ, ಬುದ್ಧಿ ಹೇಳದೆ, ಅವರ ಜೊತೆಗೇ ಇದ್ದು ಮುಂದಿನ ಸರಿಯಾದ ಪ್ರಶ್ನೆ ಕೇಳುವುದು ನನ್ನ ತಿಳಿವಳಿಕೆಯಲ್ಲಿ ಅತ್ಯಂತ ಕಷ್ಟದ ಕೌಶಲಗಳಲ್ಲೊಂದು.

ತಜ್ಞರ ವಲಯದಲ್ಲಿ, ಧ್ಯಾನ ಬಲ್ಲರೆ ಸಾಕು ಎಂಬುದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆ ಇದೆ. 'ಮನಶ್ಶಾಸ್ತ್ರ ಓದಿದ್ದೇವೆ, ಚಿಕಿತ್ಸೆ ಕೊಟ್ಟ ಅನುಭವವಿದೆ, ಕೈಪಿಡಿ ಇದೆ, ಶನಿವಾರ-ಭಾನುವಾರದ ಕಾರ್ಯಾಗಾರ ಸಾಕು.' ಈ ನಂಬಿಕೆಯನ್ನು ಅಲ್ಲಗಳೆಯಲು ಎಂಬಿಸಿಟಿ ಕಟ್ಟಿದವರ ಕಥೆಯೇ ಸಾಕು. ಸೆಗಲ್, ವಿಲಿಯಮ್ಸ್, ಟೀಸ್‌ಡೇಲ್ ಅರಿವಿನ ಚಿಕಿತ್ಸೆಯಲ್ಲಿ ನುರಿತವರು. ಧ್ಯಾನವನ್ನು ಬರೀ ಗಮನದ ತರಬೇತಿಯಾಗಿ ತಮ್ಮ ವಿಧಾನಕ್ಕೆ ಜೋಡಿಸಿಕೊಂಡರಾಯಿತು ಎಂದೇ ಅವರು ಆರಂಭಿಸಿದ್ದು. ತರಗತಿಯಲ್ಲಿ ತೀವ್ರ ದುಃಖ ಎದ್ದಾಗ ತಾವು ಚಿಕಿತ್ಸಕರಾಗಿ ಸಮಸ್ಯೆ ಬಿಡಿಸಲು ಧಾವಿಸುತ್ತಿದ್ದೇವೆ, ಕಬತ್-ಜಿನ್‌ರ ಶಿಕ್ಷಕರು ಅದೇ ದುಃಖದ ಪಕ್ಕದಲ್ಲಿ ಬೇರೆ ರೀತಿ ಕೂರುತ್ತಾರೆ ಎಂಬುದು ಅವರಿಗೆ ಕಂಡಿತು. ತಾವೇ ದಿನಾ ಅಭ್ಯಾಸ ಮಾಡದೆ ಇದನ್ನು ಕಲಿಸಲಾಗದು ಎಂದು ಒಪ್ಪಿಕೊಂಡು ವಿಧಾನವನ್ನೇ ತಿದ್ದಿದರು. ತಮ್ಮ ಪುಸ್ತಕದಲ್ಲಿ ಅವರು ಇದನ್ನು ಬಿಚ್ಚಿ ಹೇಳಿದ್ದಾರೆ.

ಹಾಗಾಗಿ ಧ್ಯಾನವೂ ಬೇಕು, ಚಿಕಿತ್ಸಾಜ್ಞಾನವೂ ಬೇಕು, ಎರಡನ್ನೂ ಬೆಸೆಯುವ ಮೂರನೆಯದೂ ಬೇಕು. ಆ ಮೂರನೆಯದು ಬರುವುದು ಕಲಿಸುತ್ತ, ತಿದ್ದಿಸಿಕೊಳ್ಳುತ್ತ. ಬ್ಯಾಂಗರ್, ಎಕ್ಸೆಟರ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಕೋರ್ಸುಗಳು ವರ್ಷಗಟ್ಟಲೆ ಹಿಡಿಯುವುದು ಇದಕ್ಕೇ. ವಿದ್ಯಾರ್ಥಿ ತಾನೇ ದಿನಾ ಅಭ್ಯಾಸ ಮಾಡಬೇಕು, ಮೌನ ಶಿಬಿರಗಳಿಗೆ ಹೋಗಬೇಕು, ಸಂಶೋಧನೆಯನ್ನು ಓದಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ತಾನು ನಡೆಸಿದ ತರಗತಿಯ ರೆಕಾರ್ಡಿಂಗನ್ನು ಹಿರಿಯರ ಮುಂದಿಡಬೇಕು. ಈ ಮೂರು ವಿಶ್ವವಿದ್ಯಾಲಯಗಳು ಸೇರಿ ರೂಪಿಸಿದ ಅಳತೆಗೋಲಿನಲ್ಲಿ ಆರು ಅಂಶಗಳಿವೆ. ಅಭ್ಯಾಸ ಮಾಡಿಸುವ ಬಗೆ ಅವುಗಳಲ್ಲಿ ಒಂದು ಮಾತ್ರ. ಗುಂಪನ್ನು ನಿಭಾಯಿಸುವುದು, ಜನರೊಡನೆ ಒಡನಾಡುವ ರೀತಿ, ಪ್ರಶ್ನೆಗಳ ಮೂಲಕ ವಿಷಯವನ್ನು ಮುಟ್ಟಿಸುವುದು, ಕಲಿಸುವ ಗುಣ ಶಿಕ್ಷಕರ ನಡೆಯಲ್ಲೇ ಕಾಣುವುದು, ಇವಕ್ಕೂ ಅಷ್ಟೇ ತೂಕ.

ನನ್ನ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ. ಇದೇ ಅಳತೆಗೋಲಿನಲ್ಲಿ ಹೆಚ್ಚು ಅಂಕ ಪಡೆದ ಶಿಕ್ಷಕರ ರೋಗಿಗಳು ಹೆಚ್ಚು ಚೇತರಿಸಿಕೊಂಡರೇ ಎಂದು ನೆದರ್‌ಲ್ಯಾಂಡ್ಸ್‌ನಲ್ಲಿ ನೋಡಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಅಂಕಕ್ಕೂ ಚೇತರಿಕೆಗೂ ಸಂಬಂಧ ಕಾಣಲಿಲ್ಲ. ಪದವಿಯ ಪರ ಮಾತಾಡುವವರು ಇದನ್ನು ಮರೆಮಾಚಬಾರದು. ಕಲಿಸುವ ಗುಣವನ್ನು ಅಂಕಕ್ಕೆ ಇಳಿಸಬಹುದು ಎಂಬ ವಿಶ್ವವಿದ್ಯಾಲಯಗಳ ಭರವಸೆಗೆ ಇನ್ನೂ ಸಾಕಷ್ಟು ಆಧಾರವಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಹೋಲಿಸಿದ್ದು ತರಬೇತಿ ಪಡೆದವರನ್ನು ತರಬೇತಿ ಪಡೆದವರ ಜೊತೆಗೇ. ತರಬೇತಿಯೇ ಇಲ್ಲದವರು ಕಲಿಸಿದರೂ ಫಲ ಒಂದೇ ಎಂದು ಅದರಿಂದ ಹೊರಡುವುದಿಲ್ಲ. ಜೊತೆಗೆ, ಒಬ್ಬ ರೋಗಿಯನ್ನು ಸಮಯಕ್ಕೆ ಸರಿಯಾಗಿ ಮನೋವೈದ್ಯರ ಬಳಿ ಕಳಿಸಿದ್ದು ಗುಂಪಿನ ಸರಾಸರಿ ಅಂಕದಲ್ಲಿ ಕಾಣಸಿಗುವುದೂ ಇಲ್ಲ.

ಬ್ರಿಟನ್ನಿನ ಶಾಲೆಗಳಲ್ಲಿ ನಡೆದ ಮಿರಿಯಡ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ತಾವು ಒಂದು ಕೋರ್ಸ್ ಮುಗಿಸಿ, ಆಮೇಲೆ ಕೆಲವೇ ದಿನಗಳ ತರಬೇತಿ ಪಡೆದ ಶಾಲಾ ಶಿಕ್ಷಕರು ಮಕ್ಕಳಿಗೆ ಮೈಂಡ್‌ಫುಲ್‌ನೆಸ್ ಕಲಿಸಿದರು. ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಆ ಪ್ರಯೋಗದಲ್ಲಿ, ಶಾಲೆಯ ಮಾಮೂಲಿ ಪಾಠಕ್ಕಿಂತ ಇದು ಮೇಲು ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ, ಆದ್ದರಿಂದ ತಪ್ಪೆಲ್ಲ ತರಬೇತಿಯದೇ ಎನ್ನಲಾಗದು. ಆದರೂ ಧ್ಯಾನ ತಾನಾಗಿಯೇ ಕೆಲಸ ಮಾಡುತ್ತದೆ, ಯಾರು ಯಾರಿಗೆ ಹೇಗೆ ಕಲಿಸಿದರೂ ನಡೆಯುತ್ತದೆ ಎಂದು ನಂಬಿದವರು ಈ ಫಲಿತಾಂಶದ ಎದುರು ಒಮ್ಮೆ ನಿಲ್ಲಬೇಕು.

ಉಳಿದದ್ದು ಹಣದ ಪ್ರಶ್ನೆ. ಆಕ್ಸ್‌ಫರ್ಡಿನ ಶುಲ್ಕ ಕಟ್ಟಿ ಓದುವುದು ರಾಯಚೂರಿನ ಜಿಲ್ಲಾ ಆಸ್ಪತ್ರೆಯ ಮನಶ್ಶಾಸ್ತ್ರಜ್ಞೆಗೆ ಆಗದ ಮಾತು. ಹೋಗಿ ಓದಿ ಬಂದರೂ ಒಂದು ಕೊರತೆ ಉಳಿಯುತ್ತದೆ. ಈ ಚಿಕಿತ್ಸೆ ನಡೆಯುವುದು ರೋಗಿಯ ಮಾತಿನಲ್ಲಿ. 'ಎದಿ ಹಿಡದಂಗ ಆಗ್ತದ್ರಿ' ಎನ್ನುವವರಿಗೆ ಮುಂದಿನ ಪ್ರಶ್ನೆಯನ್ನು ಅದೇ ನುಡಿಯಲ್ಲಿ, ಅದೇ ಸಲಿಗೆಯಲ್ಲಿ ಕೇಳುವುದನ್ನು ಇಂಗ್ಲಿಷಿನ ತರಗತಿ ಕಲಿಸಲಾರದು. ಹಾಗೆಂದು ತರಬೇತಿಯನ್ನೇ ಕೈಬಿಟ್ಟು, ವಾರಾಂತ್ಯದಲ್ಲಿ ಪ್ರಮಾಣಪತ್ರ ಹಂಚುವವರಿಗೆ ಈ ಕೆಲಸ ಒಪ್ಪಿಸುವುದು ಪರಿಹಾರವಲ್ಲ.

ಇಲ್ಲೇ ಕಟ್ಟಲು ನಮಗೆ ಬುನಾದಿ ಇದೆ. ನಿಮ್ಹಾನ್ಸ್‌ನ ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ನಡೆದುಬಂದದ್ದೇ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡುತ್ತ ಕಲಿಯುವ ಕ್ರಮದಲ್ಲಿ. 1980ರ ದಶಕದಲ್ಲಿ ಅದೇ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗಳ ಹತ್ತಿರಕ್ಕೆ ಒಯ್ದಿತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ಬೇಕಿರುವುದು ಅದಕ್ಕಿಂತ ಚಿಕ್ಕದು: ಜಿಲ್ಲೆಗಳಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಮನಶ್ಶಾಸ್ತ್ರಜ್ಞರಿಗೆ ಕೆಲಸ ಬಿಡದೆ ಓದಬಹುದಾದ ಎರಡು ವರ್ಷದ ಕೋರ್ಸು, ಶುಲ್ಕ ಭರಿಸುವ ಆರೋಗ್ಯ ಇಲಾಖೆ, ಮತ್ತು ಕನ್ನಡದಲ್ಲಿ ನಡೆದ ಎಂಟು ವಾರಗಳ ತರಗತಿಯ ರೆಕಾರ್ಡಿಂಗನ್ನು ಪೂರ್ತಿ ಕೇಳಿ, 'ಇಲ್ಲಿ ಆಕೆ ಇನ್ನೂ ಹೇಳುವುದಿತ್ತು, ನೀವು ಅವಸರ ಮಾಡಿದಿರಿ' ಎಂದು ತಿದ್ದಬಲ್ಲ ನಾಲ್ಕಾರು ಹಿರಿಯರು.